ಕೋಡಂಗಿ ಹೊತ್ತ ಮಣೆ

"ಗುರುಗಳೇ, ನನಗೇ ಇನ್ನೂ ಬಾರದ ಅರಿವಿನ ಮಾತನ್ನು ನಾನು ಬೇರೆಯವರಿಗೆ ಹೇಗೆ ಹೇಳಲಿ? ಅದು ಸುಳ್ಳಾಗುವುದಿಲ್ಲವೇ?"

ಕೇಳಿದವನು ನಿರ್ವಾಣಿ ಎಂಬ ಶಿಷ್ಯ. ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಿರ್ವಾಣಿಯೂ ಎದುರಿಗೆ ಕುಳಿತು ಸುಲಿಯುತ್ತಿದ್ದ. ಆದರೆ ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ಸಿಪ್ಪೆಯ ರಾಶಿಗೂ ಹಾಕುತ್ತಿದ್ದ. ಅವನ ಮನಸ್ಸು ಅಲ್ಲಿರಲಿಲ್ಲ.

ಗುಡ್ಡದ ಆಚೆಯ ಹಳ್ಳಿಯಲ್ಲಿ ಮಠಕ್ಕೆ ಸೇರಿದ ಒಂದು ಗುಡಿಸಲಿತ್ತು. ಅಲ್ಲಿ ಸಂಜೆಯ ಹೊತ್ತು ಜನರಿಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದ ಮುದುಕ ತೀರಿಕೊಂಡಿದ್ದ. ಜನ ಈಗಲೂ ಅಭ್ಯಾಸ ಬಿಡದೆ ಬಂದು ಕೂರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋಗುತ್ತಿದ್ದರು. ಗುರುಗಳು ನಿರ್ವಾಣಿಗೆ, ನೀನು ಹೋಗು ಎಂದಿದ್ದರು. ಅವನು ನಾಳೆ, ನಾಡಿದ್ದು ಎನ್ನುತ್ತ ಕಾಲ ತಳ್ಳುತ್ತಿದ್ದ. ಆ ದಿನ ಬೆಳಿಗ್ಗೆ ಹಳ್ಳಿಯವನೊಬ್ಬ ಬಂದು, ಅಮಾವಾಸ್ಯೆಯೊಳಗೆ ಯಾರೂ ಬಾರದಿದ್ದರೆ ಆ ಗುಡಿಸಲಲ್ಲಿ ದನದ ಮೇವು ತುಂಬುತ್ತೇವೆ, ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿ ಹೋಗಿದ್ದ.

ಗುರುಗಳು ಸಿಪ್ಪೆಯ ರಾಶಿಯಿಂದ ಕಾಳು ಹೆಕ್ಕುತ್ತ ಹೇಳಿದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಅವಳಿಗಿಂತ ಒಂದು ಕೈ ಮೇಲು. ಕಾಲೇ ಇನ್ನೂ ಮೂಡಿಲ್ಲ ಅನ್ನುತ್ತೀಯ. ಇರಲಿ, ಕಾಳನ್ನು ಬುಟ್ಟಿಗೆ ಹಾಕು. ಒಂದು ಕತೆ ಹೇಳುತ್ತೇನೆ."

ಅವರು ಹೇಳಿದ ಕತೆ ಇದು.

ಊರೂರು ತಿರುಗಿ ಆಟವಾಡುವ ಒಂದು ಮೇಳದಲ್ಲಿ ಒಬ್ಬ ಕೋಡಂಗಿ ಇದ್ದ. ಕೋಡಂಗಿ ಎಂದರೆ ಆಟದಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಮೊದಲು ಮರೆತುಹೋಗುವವನು. ಆ ಮೇಳದಲ್ಲಿ ರಾಜನ ವೇಷದವನಿಗೆ ಕಿರೀಟ ಕಟ್ಟುವುದು ಬಹಳ ಹೊತ್ತಿನ ಕೆಲಸ. ಅದು ಮುಗಿಯುವವರೆಗೆ ಜನ ಎದ್ದುಹೋಗದಂತೆ ಹಿಡಿದಿಡುವುದು ಕೋಡಂಗಿಯ ಪಾಲಿಗೆ ಬಂದ ಕೆಲಸ. ಕಿರೀಟ ಕಟ್ಟಿ ಆದೊಡನೆ ಮೇಳದ ಯಜಮಾನ ಪರದೆಯ ಹಿಂದೆ ಗಂಟೆ ಬಾರಿಸುತ್ತಿದ್ದ. ಗಂಟೆ ಕೇಳಿದರೆ ಮುಗಿಯಿತು, ಕೋಡಂಗಿ ಇದ್ದಲ್ಲೇ ನಿಲ್ಲಿಸಬೇಕು. ಬಾಯಲ್ಲಿ ಅರ್ಧ ಮಾತಿದ್ದರೆ ಉಳಿದರ್ಧವನ್ನು ನುಂಗಿಕೊಳ್ಳಬೇಕು. ಪರದೆಯತ್ತ ಓಡಿ, ಸೊಂಟ ಬಗ್ಗಿಸಿ, ರಾಜನಿಗೆ ಬೆನ್ನು ತೋರದಂತೆ ಹಿಂದೆ ಹಿಂದೆ ನಡೆಯುತ್ತ ಅವನನ್ನು ಪೀಠದವರೆಗೆ ಕರೆತಂದು ತಾನು ಮರೆಯಾಗಬೇಕು. ಹೀಗಾಗಿ ಆ ಕೋಡಂಗಿ ಜೀವಮಾನದಲ್ಲಿ ಒಂದು ಆಟವನ್ನೂ ತಾನಾಗಿ ಮುಗಿಸಿದವನಲ್ಲ. ಮುಗಿಸುವುದು ಹೇಗೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅವನ ಆಟವಾದರೂ ಏನು? ರಾಜನಿಗೆ ಮಣೆ ಹಾಕುವುದು. ಅಷ್ಟೇ. ಮೊಣಕಾಲೆತ್ತರದ, ನಾಲ್ಕು ಕಾಲಿನ ಒಂದು ಮಣೆಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ. ಅದನ್ನು ಕೆಳಗಿಟ್ಟು ಅದರ ಮುಖ ಯಾವ ಕಡೆ ಎಂದು ಹುಡುಕುತ್ತಿದ್ದ. ಮಣೆಗೆಲ್ಲಿಯ ಮುಖ? ಆದರೂ ಹುಡುಕುತ್ತಿದ್ದ. ಕೊನೆಗೆ ಸಿಕ್ಕಿತು ಎಂದುಕೊಂಡು, ಅಯ್ಯೋ ಇಷ್ಟು ಹೊತ್ತು ನಿಮಗೆಲ್ಲ ಇದರ ಹಿಂಭಾಗ ತೋರಿಸಿಬಿಟ್ಟೆ, ತಪ್ಪಾಯಿತು ಎಂದು ಜನರ ಕಾಲಿಗೆ ಬೀಳುತ್ತಿದ್ದ. ಬಿದ್ದಾಗ ಅವನ ಬೆನ್ನು ಮಣೆಯ ಕಡೆಗಾಗುತ್ತಿತ್ತು. ರಾಜಪೀಠಕ್ಕೆ ಬೆನ್ನು ತೋರಿಸಬಾರದಲ್ಲ, ಗಾಬರಿಯಿಂದ ಎದ್ದು ತಿರುಗಿದರೆ ಊರ ಹಿರಿಯರಿಗೆ ಬೆನ್ನು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಎಂದು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದ. ಅಡ್ಡ ನಡೆದರೆ ಮಕ್ಕಳು ಕೂತ ಕಡೆಗೆ ಬೆನ್ನಾಗುತ್ತಿತ್ತು. ಕೊನೆಗೆ ಬೆನ್ನೇ ಯಾರಿಗೂ ಕಾಣದಿರಲಿ ಎಂದು ಮಣೆಯನ್ನು ಬೆನ್ನಿಗೆ ಕಟ್ಟಿಕೊಂಡು, ಈಗ ಮಣೆ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದ.

ಇನ್ನೊಂದು ದಿನ ಇನ್ನೊಂದು ಬಗೆ. ರಾಜ ತಣ್ಣನೆಯ ಹಲಗೆಯ ಮೇಲೆ ಕೂರಬಾರದು, ಅದನ್ನು ಬೆಚ್ಚಗೆ ಮಾಡಬೇಕು. ಆದರೆ ಆಳಾದವನು ರಾಜಪೀಠದ ಮೇಲೆ ಕೂರುವ ಹಾಗಿಲ್ಲ. ಹಾಗಾಗಿ ಬೆರಳಗಲ ಬಿಟ್ಟು ಗಾಳಿಯಲ್ಲೇ ಕೂತು ಕಾವು ಕೊಡುತ್ತಿದ್ದ. ತೊಡೆ ನಡುಗಿ, ಕಣ್ಣು ಮೇಲಾಗಿ, ಬೆವರು ಇಳಿಯುವಾಗ, ಮಣೆಗೆ ಬೆವರು ಬಿತ್ತಲ್ಲ, ಮತ್ತೆ ತಣ್ಣಗಾಯಿತಲ್ಲ ಎಂದು ಅಳುತ್ತಿದ್ದ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಯಾರೂ ಅವನಿಗೆ ಇದನ್ನು ಕಲಿಸಿರಲಿಲ್ಲ.

ಆ ಮಣೆಯ ಒಂದು ಕಾಲು ಗಿಡ್ಡ. ಕೂತವನು ಎಡಕ್ಕೆ ಉರುಳುವುದು ಖಂಡಿತ. ಕೋಡಂಗಿ ಏನೇ ಕಪಿಚೇಷ್ಟೆ ಮಾಡಿದರೂ ರಾಜ ಕೂರುವ ಮೊದಲು, ಯಾರ ಕಣ್ಣಿಗೂ ಬೀಳದಂತೆ, ಆ ಕಾಲಿನ ಅಡಿಗೆ ಒಂದು ಕರಟದ ಚೂರು ಇಡುತ್ತಿದ್ದ. ರಾಜನ ವೇಷದವನಿಗೆ ತನ್ನ ಪೀಠದ ಕಾಲು ಗಿಡ್ಡ ಎಂಬುದೇ ತಿಳಿದಿರಲಿಲ್ಲ. ದಿನವೂ ಗಂಭೀರವಾಗಿ ಬಂದು, ಗಂಭೀರವಾಗಿ ಕೂತು, ಗಂಭೀರವಾಗಿ ಎದ್ದುಹೋಗುತ್ತಿದ್ದ.

ಕೋಡಂಗಿಗೆ ತನ್ನ ಬಗ್ಗೆ ದೊಡ್ಡ ಕಲ್ಪನೆ ಏನೂ ಇರಲಿಲ್ಲ. ಊಟಕ್ಕೆ ಮೊದಲು ಎಲೆಯ ಮೇಲೆ ಚಿಮುಕಿಸುವ ನೀರು ನಾನು, ಊಟ ಹಿಂದೆ ಬರುತ್ತದೆ ಎಂದುಕೊಂಡಿದ್ದ. ಅದರಲ್ಲಿ ಅವನಿಗೆ ದುಃಖವೂ ಇರಲಿಲ್ಲ. ಊಟ ಬಂದೇ ಬರುತ್ತಿತ್ತಲ್ಲ.

ಒಮ್ಮೆ ಮೇಳಕ್ಕೆ ಹೊಳೆಯಾಚೆಯ ಒಂದು ಊರಿನಿಂದ ಕರೆ ಬಂತು. ಸುತ್ತ ಕಾಡಿದ್ದುದರಿಂದ ಆ ಊರಲ್ಲಿ ಆಟ ಹಗಲು ಹೊತ್ತಿನಲ್ಲೇ ನಡೆಯಬೇಕು. ಅಲ್ಲಿಯ ಪದ್ಧತಿಯೂ ಬೇರೆ. ರಾಜ ಪೀಠದಲ್ಲಿ ಕೂತ ಮೇಲೆ ಊರಿನ ಅತಿ ಹಿರಿಯರು ಎದ್ದು ಬಂದು ಪೀಠಕ್ಕೆ ವೀಳ್ಯ ಕೊಡುತ್ತಾರೆ. ತಟ್ಟೆಯಲ್ಲಿ ಎಲೆ, ಅಡಕೆ, ಒಂದು ತೆಂಗಿನಕಾಯಿ. ವೀಳ್ಯ ಕೊಟ್ಟರೆ ಆಟ ಊರಿಗೆ ಸಂದಿತು ಎಂದು ಲೆಕ್ಕ. ಕೊಡುವ ಮೊದಲೇ ಜನ ಎದ್ದುಬಿಟ್ಟರೆ ಆ ಮೇಳಕ್ಕೆ ಆ ಊರಿನ ಬಾಗಿಲು ಮುಚ್ಚಿದ ಹಾಗೆ. ಎಷ್ಟೋ ಮೇಳಗಳಿಗೆ ಹಾಗೆ ಮುಚ್ಚಿತ್ತು.

ಹೊಳೆ ದಾಟಲು ಇದ್ದದ್ದು ಒಂದೇ ಹರಿಗೋಲು. ಮೊದಲ ಸರದಿಯಲ್ಲಿ ಕೋಡಂಗಿಯನ್ನು ಕಳಿಸಿದರು. ಮಣೆ, ಪರದೆ, ಗಂಟೆ ಅವನ ಜೊತೆ ಬಂದವು. ಹರಿಗೋಲು ಹತ್ತುವ ಮೊದಲು ಯಜಮಾನ ಹೇಳಿದ, "ನೀನು ಹೋಗಿ ಶುರು ಮಾಡು. ನಾವು ಬೆನ್ನಿಗೇ ಬರ್ತೀವಿ. ಬರೋವರೆಗೆ ಒಬ್ಬನೂ ಏಳಬಾರದು, ನೆನಪಿಟ್ಟುಕೋ."

"ಆಯಿತು ಯಜಮಾನ್ರೇ," ಎಂದು ಕೋಡಂಗಿ ಮಾತು ಕೊಟ್ಟ. ಅವನು ಮಾತು ಕೊಟ್ಟು ತಪ್ಪಿದವನಲ್ಲ.

ಅವನನ್ನು ಊರಿನ ದಡದಲ್ಲಿ ಇಳಿಸಿ ಹರಿಗೋಲು ಹಿಂದಿರುಗಿತು. ಅಷ್ಟರಲ್ಲಿ ಮೇಲೆಲ್ಲೋ ಬಿದ್ದ ಮಳೆಯ ನೀರು ಬಂದು ಹೊಳೆ ಕೆಂಪಾಯಿತು. ಹರಿಗೋಲಿನವನು ಹುಟ್ಟು ಕೆಳಗಿಟ್ಟು, ಇನ್ನು ನನ್ನಿಂದಾಗದು ಎಂದು ಬೀಡಿ ಹಚ್ಚಿದ. ರಾಜ, ಕಿರೀಟ, ಮದ್ದಳೆ, ತಾಳ, ಯಜಮಾನ ಎಲ್ಲ ಆಚೆ ದಡದಲ್ಲೇ ಉಳಿದವು. ಕೋಡಂಗಿಗೆ ಇದು ತಿಳಿಯದು. ಅವನು ಪರದೆ ಕಟ್ಟಿ, ಗಂಟೆಯನ್ನು ಅದರ ಹಿಂದೆ ತೂಗುಹಾಕಿ, ಮಣೆ ತಲೆಗೇರಿಸಿಕೊಂಡು ಜನರೆದುರು ಬಂದಾಗಿತ್ತು.

ಆಟ ಶುರುವಾಯಿತು. ಮಣೆಯ ಮುಖ ಹುಡುಕಿದ, ಜನ ನಕ್ಕರು. ಅಡ್ಡಡ್ಡ ನಡೆದ, ನಕ್ಕರು. ಗಾಳಿಯಲ್ಲಿ ಕೂತು ಕಾವು ಕೊಟ್ಟ, ಬಿದ್ದು ಬಿದ್ದು ನಕ್ಕರು. ನಡುನಡುವೆ ಪರದೆಯತ್ತ ಕಿವಿಯಿಟ್ಟು, "ರಾಜ ಬರ್ತಿದಾನೆ, ಏಳಬೇಡಿ" ಎನ್ನುತ್ತಿದ್ದ. ಅದಕ್ಕೂ ನಕ್ಕರು. ಗಂಟೆ ಮಾತ್ರ ಕೇಳಿಸಲಿಲ್ಲ. ಅವನ ಬಳಿ ಇದ್ದ ಆಟವೆಲ್ಲ ಖರ್ಚಾಯಿತು. ದಿನವೂ ಗಂಟೆ ನಡುವೆ ಕತ್ತರಿಸುತ್ತಿದ್ದ ಮಾತುಗಳ ಉಳಿದರ್ಧಗಳನ್ನೆಲ್ಲ ಆಡಿ ಮುಗಿಸಿದ. ಅದೂ ಖರ್ಚಾಯಿತು. ಮಣೆಗೆ ಜ್ವರ ಬಂದಿದೆ ಎಂದು ನಾಡಿ ಹಿಡಿದು ನೋಡಿದ. ಮಣೆಯನ್ನು ತೊಡೆಯ ಮೇಲೆ ಮಲಗಿಸಿ ಜೋಗುಳ ಹಾಡಿ, ತಾನೇ ನಿದ್ದೆ ಹೋದಂತೆ ಮಾಡಿದ. ಆ ನೆಪದಲ್ಲಿ ಕಣ್ಣು ಮುಚ್ಚಿಕೊಂಡು ಹೊಳೆಯ ಕಡೆಯಿಂದ ಏನಾದರೂ ಸದ್ದು ಬರುತ್ತದೆಯೇ ಎಂದು ಕೇಳಿದ. ಏನೂ ಬರಲಿಲ್ಲ.

ಅವನಿಗೆ ಭಯವಾಯಿತು. ಬೇರೆ ಯಾರೂ ಇಲ್ಲದ ಭಯ. ಬಾಯಿ ಮಾತ್ರ, "ರಾಜ ಬರ್ತಿದಾನೆ" ಎನ್ನುತ್ತಲೇ ಇತ್ತು. ಮೊದಲು ಅದು ಬರೀ ಹೇಳುವ ಮಾತಾಗಿತ್ತು. ಆಮೇಲೆ ಸುಳ್ಳಿರಬಹುದು ಎನ್ನಿಸಿತು. ಮತ್ತೂ ಹೇಳುತ್ತ ಹೋದ ಹಾಗೆ ಅದು ಸುಳ್ಳೋ ನಿಜವೋ ಎಂದು ಹೇಳುವವನಿಗೇ ತಿಳಿಯದಾಯಿತು. ಜನ ನಗುತ್ತಿದ್ದರು. ಅವರು ತನ್ನ ಆಟಕ್ಕೆ ನಗುತ್ತಿದ್ದಾರೋ, ತನ್ನ ಅವಸ್ಥೆಗೆ ನಗುತ್ತಿದ್ದಾರೋ, ಅದೂ ತಿಳಿಯಲಿಲ್ಲ. ತಾನು ಈಗ ಗಾಬರಿಯಾದವನಂತೆ ಆಡುತ್ತಿದ್ದೇನೆಯೇ, ಇಲ್ಲ ನಿಜವಾಗಿ ಗಾಬರಿಯಾಗಿದ್ದೇನೆಯೇ ಎಂದು ಕೇಳಿಕೊಂಡ.

ಹೊತ್ತು ಇಳಿಯಿತು. ತಾಯಂದಿರು ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಳ್ಳತೊಡಗಿದರು. ಕಾಡಿನ ದಾರಿಯಲ್ಲಿ ಕತ್ತಲಾಗುವ ಮೊದಲು ಮನೆ ಸೇರಬೇಕು. ಹಿಂದೆ ಕೂತಿದ್ದವನೊಬ್ಬ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಇನ್ನೊಂದು ಗಳಿಗೆ ಕಳೆದರೆ ಎಲ್ಲರೂ ಏಳುತ್ತಾರೆ. ಕೊಟ್ಟ ಮಾತು ಹೋಗುತ್ತದೆ, ಮೇಳಕ್ಕೆ ಆ ಊರು ಹೋಗುತ್ತದೆ.

ಗಂಟೆ ಪರದೆಯ ಹಿಂದೆಯೇ ಇತ್ತು. ಅವನೇ ತೂಗುಹಾಕಿದ ಗಂಟೆ. ಆದರೆ ವೇಷ ಕಟ್ಟಿದವನು ಗಂಟೆ ಮುಟ್ಟುವ ಪದ್ಧತಿ ಆ ಮೇಳದಲ್ಲಿ ಇಲ್ಲ. ಗಂಟೆ ಕೇಳಿಸಿತು ಎಂದರೆ ರಾಜ ಬಂದ ಎಂದು ಅರ್ಥ. ಬಾರಿಸಿದರೆ ಇಡೀ ಊರಿಗೆ ಸುಳ್ಳು ಹೇಳಿದಂತೆ. ಬಾರಿಸದಿದ್ದರೆ ಜನ ಏಳುತ್ತಾರೆ. ಅತ್ತ ದರಿ, ಇತ್ತ ಪುಲಿ. ಕೋಡಂಗಿ ಪರದೆಯ ಹಿಂದೆ ಹೋಗಿ ಗಂಟೆಯ ಮುಂದೆ ನಿಂತ. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. ಯಾರೂ ಇರಲಿಲ್ಲ. ಕೈ ಎತ್ತಿದ, ಇಳಿಸಿದ. ಮತ್ತೆ ಎತ್ತಿ ಬಾರಿಸಿಬಿಟ್ಟ.

ಆಮೇಲೆ ಆದದ್ದು ಅವನು ಅಂದುಕೊಂಡದ್ದಲ್ಲ. ಎಷ್ಟೋ ವರ್ಷದಿಂದ ಆ ಸದ್ದಿಗೆ ಬಗ್ಗಿ ಬಗ್ಗಿ ಅಭ್ಯಾಸವಾದ ಸೊಂಟ ಅವನನ್ನು ಕೇಳದೆ ಬಗ್ಗಿತು. ಕಾಲು ಅವನನ್ನು ಕೇಳದೆ ಹಿಂದೆ ಹಿಂದೆ ನಡೆಯಿತು. ಬರಿದಾದ ಜಾಗದ ಮುಂದೆ ತಲೆ ತಗ್ಗಿಸಿ, ಬನ್ನಿ ಪ್ರಭು, ಹೀಗೆ ಬನ್ನಿ ಎನ್ನುತ್ತ ಅವನು ಪರದೆಯಿಂದ ಹೊರಗೆ ಬಂದ.

ಜನ ನಗಲಿಲ್ಲ.

ನಗು ನಿಂತರೆ ಕೋಡಂಗಿ ಕೆಟ್ಟ ಎಂದೇ ಅವನು ತಿಳಿದಿದ್ದ. ಓರೆಗಣ್ಣಿನಲ್ಲಿ ನೋಡಿದ. ಜನ ಅವನನ್ನು ನೋಡುತ್ತಲೇ ಇರಲಿಲ್ಲ. ಅವನ ಮುಂದಿನ ಬರಿಜಾಗವನ್ನು ನೋಡುತ್ತಿದ್ದರು. ಟವೆಲಿನವನು ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಇದೇನು ಎಂದು ಕೋಡಂಗಿಗೆ ಹೊಳೆಯಲಿಲ್ಲ. ಹೊಳೆಯದಿದ್ದರೂ ಮಣೆಯವರೆಗೆ ನಡೆದ. "ಕೂತ್ಕೊಳ್ಳಿ ಪ್ರಭು. ದಾರಿಯಲ್ಲಿ ಹೊಳೆ ಬಂದಿತ್ತೇನೋ, ಪಾದವೆಲ್ಲ ಕೆಸರಾಗಿದೆ," ಎಂದ. ತನ್ನ ರುಮಾಲು ಬಿಚ್ಚಿ, ಇಲ್ಲದ ಪಾದ ಒರೆಸಿದ. ಕೆಸರು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದ. ಕಚಗುಳಿಯಾಯಿತೇ ಎಂದು ಕೇಳಿ ತಾನೇ ನಾಚಿದ. ಜನ ಮೆಲ್ಲನೆ ನಕ್ಕರು. ಅದು ಮೊದಲಿನ ನಗುವಲ್ಲ. ರಾಜನೆದುರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ನಗು.

ಆಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಊರಿಗೆಲ್ಲ ಹಿರಿಯಳು. ಕೈಯಲ್ಲಿ ವೀಳ್ಯದ ತಟ್ಟೆ. ಒಂದೊಂದೇ ಹೆಜ್ಜೆ ಇಟ್ಟು ಬಂದು, ಮಣೆಯ ಮುಂದೆ ತಟ್ಟೆ ಇಟ್ಟು ಕೈ ಮುಗಿದಳು. ಊರಿಗೆ ಊರೇ ಎದ್ದು ಕೈ ಮುಗಿಯಿತು.

ಕೋಡಂಗಿಗೆ ತಡೆಯಲಾಗಲಿಲ್ಲ. ಸುಳ್ಳಿಗೆ ವೀಳ್ಯ ಬಿತ್ತಲ್ಲ ಎಂದು ಸಂಕಟವಾಯಿತು. ಮುದುಕಿಯ ಬಳಿ ಹೋಗಿ ಪಿಸುಗುಟ್ಟಿದ. "ಅವ್ವಾ, ತಪ್ಪಾಯ್ತು. ಗಂಟೆ ಬಾರಿಸಿದ್ದು ನಾನೇ. ರಾಜ ಬಂದಿಲ್ಲ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬರದೇ ಇದ್ರೆ ಇಷ್ಟೊತ್ತು ನೀನು ಯಾರ ಕಾಲು ಒರೆಸ್ತಿದ್ದೆ, ಮಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಯ ಕಡೆ ನಡೆದಳು.

ಜನ ಚದುರಿದರು. ಬಯಲು ಬರಿದಾಯಿತು. ಕೋಡಂಗಿ ಮಣೆಯ ಪಕ್ಕ ನಿಂತೇ ಇದ್ದ. ಕೂರಬಹುದೋ ಕೂರಬಾರದೋ ಎಂಬುದೂ ಅವನಿಗೆ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಳದವರು ಓಡುತ್ತ ಬಂದರು. ನೀರು ತುಸು ತಗ್ಗಿದಾಗ ಹರಿಗೋಲಿನವನ ಕೈಕಾಲು ಹಿಡಿದು ದಾಟಿದ್ದರು. ರಾಜನ ವೇಷದವನು ಆಚೆ ದಡದಲ್ಲೇ ಕಿರೀಟ ಕಟ್ಟಿಸಿಕೊಂಡು, ಒದ್ದೆಯಾಗದಂತೆ ತಲೆ ಎತ್ತಿ ಹಿಡಿದು ಬಂದಿದ್ದ. ದಾರಿಯಲ್ಲಿ ಎದುರಾದ ಜನ ಅವನನ್ನು ನೋಡಿ ಪಕ್ಕಕ್ಕೆ ಸರಿದರು. ಇವನ್ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ರಾಜನನ್ನು ಅವರು ಆಗಲೇ ನೋಡಿಯಾಗಿತ್ತು.

ಯಜಮಾನ ವೀಳ್ಯದ ತಟ್ಟೆ ನೋಡಿ ನಿಟ್ಟುಸಿರುಬಿಟ್ಟ. ಊರು ಉಳಿಯಿತು. ರಾಜನ ವೇಷದವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ನನ್ನನ್ನು ಬಿಟ್ಟು ವೀಳ್ಯ ಯಾರಿಗೆ ಕೊಟ್ಟರು ಎಂದು ಗುಡುಗಿದ. ಗೊತ್ತಿಲ್ಲ ಎಂದ ಕೋಡಂಗಿ. ಅದು ನಿಜವಾದ ಮಾತು. ರಾಜನ ವೇಷದವನು ಯಾರೂ ಇಲ್ಲದ ಬಯಲಿನ ಕಡೆ ಒಮ್ಮೆ ನೋಡಿ, ಮೀಸೆ ತಿರುವಿ, ಎಂದಿನ ಗಾಂಭೀರ್ಯದಿಂದ ಮಣೆಯ ಮೇಲೆ ಕೂತ. ಕೂತವನೇ ಎಡಕ್ಕೆ ಉರುಳಿ ಬಿದ್ದ. ಕಿರೀಟ ಒಂದು ಕಡೆ, ಅವನು ಒಂದು ಕಡೆ.

ಕೋಡಂಗಿ ಕೈಯನ್ನು ಸೊಂಟದ ಚೀಲಕ್ಕೆ ಹಾಕಿದ. ಕರಟದ ಚೂರು ಅಲ್ಲೇ ಇತ್ತು. ಗಾಬರಿಯಲ್ಲಿ ಅದನ್ನು ಇಡಲು ಮರೆತಿದ್ದ.

ಅವನು ರಾಜನ ವೇಷದವನನ್ನು ಎತ್ತಲೂ ಮರೆತು ಮಣೆಯನ್ನೇ ನೋಡುತ್ತ ನಿಂತ. ಮೊದಲು ಕೂತವನು ಬೀಳಲಿಲ್ಲವಲ್ಲ ಎಂದುಕೊಂಡ. ಮರುಗಳಿಗೆ, ಮೊದಲು ಯಾರೂ ಕೂತಿರಲೇ ಇಲ್ಲವಲ್ಲ ಎಂದುಕೊಂಡ. ಹಾಗಾದರೆ ಆ ಮುದುಕಿ ಕೈ ಮುಗಿದದ್ದು ಯಾರಿಗೆ? ತನ್ನ ಸೊಂಟ ಬಗ್ಗಿದ್ದು ಯಾರಿಗೆ? ತಾನು ಊರಿಗೆ ಸುಳ್ಳು ಹೇಳಿದೆನೋ, ತನಗೇ ತಿಳಿಯದ ನಿಜ ಹೇಳಿಬಿಟ್ಟೆನೋ? ಎಷ್ಟು ಯೋಚಿಸಿದರೂ ತಲೆಬುಡ ಸಿಗಲಿಲ್ಲ. ಕತ್ತಲಾಗುತ್ತಿತ್ತು. ಅವನು ಮಣೆಯನ್ನು ತಲೆಯ ಮೇಲೆ ಏರಿಸಿಕೊಂಡು ಮೇಳದ ಹಿಂದೆ ನಡೆದ.

ಮಾರನೆಯ ದಿನ ಇನ್ನೊಂದು ಊರಲ್ಲಿ ಆಟವಿತ್ತು. ಅಲ್ಲಿಯೂ ಮಣೆ ಹಾಕಿದ. ಅದರ ಮಾರನೆಯ ದಿನವೂ ಹಾಕಿದ. ಗಂಟೆ ಕೇಳಿದಾಗ ಸೊಂಟ ಬಗ್ಗಿಸಿ, ಪರದೆಯಿಂದ ಹೊರಗೆ ಬರುವವನು ಯಾರಾಗಿರಬಹುದು ಎಂದು ಪ್ರತಿ ಸಲವೂ ಕತ್ತೆತ್ತಿ ನೋಡುತ್ತಿದ್ದನಂತೆ. ಮುದುಕನಾದ ಮೇಲೂ, ಆ ದಿನ ರಾಜ ಬಂದಿದ್ದನೋ ಇಲ್ಲವೋ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿ ತುಂಬಿತ್ತು. ನಿರ್ವಾಣಿಯ ಕೈಯಲ್ಲಿ ಒಂದು ಅವರೆಕಾಯಿ ಸುಲಿಯದೆ ಹಾಗೆಯೇ ಉಳಿದಿತ್ತು. ಅವನಿಗೆ ಕತೆ ಅರ್ಥವಾದಂತೆಯೂ ಇತ್ತು, ಕೈಜಾರಿದಂತೆಯೂ ಇತ್ತು. ಕೊನೆಗೆ ತಡೆಯಲಾರದೆ ಕೇಳಿದ.

"ಗುರುಗಳೇ, ಹಾಗಾದರೆ ಆ ದಿನ ರಾಜ ಬಂದಿದ್ದನೋ ಇಲ್ಲವೋ?"

ಗುರುಗಳು ಮಡಿಲಿನ ಸಿಪ್ಪೆ ಕೊಡವಿ ಎದ್ದರು.

"ಆ ಪ್ರಶ್ನೆ ಮಣೆ ಹೊತ್ತವನದು, ನೀನು ಇನ್ನೂ ಮಣೆಯನ್ನೇ ಎತ್ತಿಲ್ಲ."

ನಿರ್ವಾಣಿ ಕೈಯಲ್ಲಿ ಉಳಿದಿದ್ದ ಅವರೆಕಾಯಿಯನ್ನು ಸುಲಿದು ಕಾಳನ್ನು ಬುಟ್ಟಿಗೆ ಹಾಕಿದ.